ಹಳೇ ಗಾಡಿ ಹಿಂದುಗಡೆ ಕೂತುಬಿಟ್ಟಿದೆಯಾ? ಶಾಕಬ್ಸರ್ ಬದಲಿಸುವ ಮೊದಲು ಟೇಪು ಹಿಡಿಯಿರಿ

ಮಂಡ್ಯ, ಮೈಸೂರು ಕಡೆಯ ಓದುಗರು ತಿರುಗಾ ಮುರುಗಾ ಕೇಳುವ ಪ್ರಶ್ನೆ ಇದು. "ಬೊಲೆರೊ ಹಿಂದುಗಡೆ ಕೂತುಬಿಟ್ಟಿದೆ. ಹೊಸ ಶಾಕಬ್ಸರ್ ಹಾಕಿಸಿದೆ. ಆದ್ರೂ ಎತ್ತರ ಬರ್ಲಿಲ್ಲ. ಇನ್ನೇನು ಮಾಡ್ಲಿ?" ಬೊಲೆರೊ ಬದಲು ಕೆಲವರು ಟವೇರಾ ಅನ್ನುತ್ತಾರೆ, ಕೆಲವರು ಸ್ಕಾರ್ಪಿಯೊ ಅನ್ನುತ್ತಾರೆ. 2005ಕ್ಕೇ ಮಾರಾಟ ನಿಂತ ಕ್ವಾಲಿಸ್ ಇಟ್ಟುಕೊಂಡವರೂ ಇದ್ದಾರೆ. ಎಲ್ಲರೂ ದುಡ್ಡು ಸುರಿದಿರುವುದು ಮಾತ್ರ ಶಾಕಬ್ಸರ್ ಮೇಲೆಯೇ.

ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಹಂಪ್ ದಾಟಿದ ಮೇಲೆ ಆ ಸ್ಪ್ರಿಂಗ್ ಕುಣಿಯುತ್ತಲೇ ಇರುತ್ತದಲ್ಲ, ಅದನ್ನು ನಿಲ್ಲಿಸುವುದು ಶಾಕಬ್ಸರ್. ಗ್ಯಾಸ್ ತುಂಬಿದ ಶಾಕಬ್ಸರ್ ಹಾಕಿದರೆ ಚೂರು ಎತ್ತರ ಬಂದ ಹಾಗೆ ಕಾಣಬಹುದು, ಅಷ್ಟೇ. ಕೂತ ಗಾಡಿಯನ್ನು ಎತ್ತುವ ಕೆಲಸ ಅದರದ್ದಲ್ಲ.

ಹಾಗಂತ ಕೂತ ಗಾಡಿಗೆಲ್ಲ ಸ್ಪ್ರಿಂಗೇ ಕಾರಣ ಅಂತಲೂ ಅಲ್ಲ. ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್ ಸವೆದಿರಬಹುದು, ಸ್ಪ್ರಿಂಗಿನ ಪ್ಲೇಟು ಮುರಿದಿರಬಹುದು, ಬಾಡಿ ಕೆಳಗಿನ ರಬ್ಬರ್ ಚಪ್ಪಟೆ ಆಗಿರಬಹುದು. ಅಥವಾ ಗಾಡಿ ಸರಿಯಾಗೇ ಇದ್ದು, ನೀವು ಹೇರುವ ಲೋಡೇ ಜಾಸ್ತಿ ಇರಬಹುದು. ಯಾವುದು ಅಂತ ಕಂಡುಹಿಡಿಯಲು ಒಂದು ಬೆಳಗ್ಗೆ ಸಾಕು. ಆ ಬೆಳಗ್ಗೆಯನ್ನು ಉಳಿಸಲು ಹೋಗಿ ಜನ ಸಾವಿರಾರು ರೂಪಾಯಿ ಕಳೆಯುತ್ತಾರೆ.

ನಿಮ್ಮ ಗಾಡಿಯಲ್ಲಿ ಯಾವ ಸ್ಪ್ರಿಂಗ್ ಇದೆ?

ಬೊಲೆರೊ, ಟವೇರಾ, ಕ್ವಾಲಿಸ್‌ಗಳಲ್ಲಿ ಹಿಂದೆ ಇರುವುದು ಲೀಫ್ ಸ್ಪ್ರಿಂಗ್. ಉದ್ದದ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಕಟ್ಟು ಅದು. ಎತ್ತಿನ ಗಾಡಿ ಬಿಟ್ಟು ಟ್ರ್ಯಾಕ್ಟರ್ ಟ್ರೇಲರ್, ಲಾರಿ ಎಲ್ಲದರಲ್ಲೂ ನೋಡಿರುತ್ತೀರಿ. ಸ್ಕಾರ್ಪಿಯೊ, ಹಳೇ ಸಫಾರಿ, ಇನ್ನೋವಾ, ಝೈಲೋಗಳಲ್ಲಿ ಇರುವುದು ಕಾಯಿಲ್ ಸ್ಪ್ರಿಂಗ್, ಅಂದರೆ ಸುರುಳಿ. ಎರಡಕ್ಕೂ ತೊಂದರೆ ಬೇರೆ, ಮದ್ದೂ ಬೇರೆ.

ಏನೇನು ಬೇಕು

ತಪಾಸಣೆಗೆ ಅಳತೆ ಟೇಪು, ಸೀಮೆಸುಣ್ಣ, ಟಾರ್ಚ್, ವೈರ್ ಬ್ರಷ್, ಬರೆದುಕೊಳ್ಳಲು ಒಂದು ಹಾಳೆ ಇದ್ದರೆ ಆಯಿತು.

ಬಿಚ್ಚಿ ಜೋಡಿಸುವ ಕೆಲಸವನ್ನೂ ನೀವೇ ಮಾಡುವುದಾದರೆ ಗಾಡಿಯ ತೂಕಕ್ಕೆ ತಕ್ಕ ಹೈಡ್ರಾಲಿಕ್ ಜಾಕ್, ಎರಡು ಉಕ್ಕಿನ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಮರದ ಬೆಣೆ, ಸಾಕೆಟ್ ಸೆಟ್, ಹಿಡಿಗೆ ಸಿಕ್ಕಿಸಲು ಉದ್ದದ ಪೈಪು, ತುಕ್ಕು ಬಿಡಿಸುವ ಎಣ್ಣೆ ಮತ್ತು ಟಾರ್ಕ್ ರೆಂಚ್ ಬೇಕು. ಟಾರ್ಕ್ ರೆಂಚ್ ಅಂದರೆ ನಟ್ಟನ್ನು ಎಷ್ಟು ಬಿಗಿ ಮಾಡಿದ್ದೀರಿ ಎಂದು ಅಳೆದು ತೋರಿಸುವ ಸ್ಪ್ಯಾನರ್. ಗ್ಯಾರೇಜಿನಲ್ಲೇ ಮಾಡಿಸುವವರೂ ಮುಂದಿನದನ್ನು ಓದಿ. ಪಕ್ಕದಲ್ಲಿ ನಿಂತು ಏನನ್ನು ಗಮನಿಸಬೇಕು ಅಂತ ಗೊತ್ತಾಗುತ್ತದೆ.

ಹಂತ 1: ಖಾಲಿ ಗಾಡಿಯ ಅಳತೆ

ಗಾಡಿ ಖಾಲಿ ಮಾಡಿ. ಡಿಕ್ಕಿಯಲ್ಲಿ ಮರೆತುಹೋದ ಸಾಮಾನು, ವೂಫರ್ ಪೆಟ್ಟಿಗೆ, ಮೇಲಿನ ಕ್ಯಾರಿಯರ್‌ನಲ್ಲಿರುವ ಹಗ್ಗ, ಟಾರ್ಪಾಲು ಎಲ್ಲ ಇಳಿಸಿ. ಸ್ಟೆಪ್ನಿ ಇರಲಿ, ಅದು ಗಾಡಿಯ ಭಾಗ. ನಾಲ್ಕೂ ಟೈರಿಗೆ ಕಂಪನಿ ಹೇಳಿದಷ್ಟು ಗಾಳಿ ಹಿಡಿಸಿ. ಡ್ರೈವರ್ ಬಾಗಿಲ ಹತ್ತಿರ ಸ್ಟಿಕ್ಕರ್ ಇಲ್ಲದಿದ್ದರೆ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

ಈಗ ಸಮತಟ್ಟಾದ ನೆಲ ಬೇಕು. ಇಲ್ಲೇ ಜನ ಎಡವುತ್ತಾರೆ. ಪೆಟ್ರೋಲ್ ಬಂಕಿನ ನೆಲ ನೋಡಲು ಮಟ್ಟವಾಗಿದ್ದರೂ ನೀರು ಹರಿದುಹೋಗಲೆಂದು ಇಳಿಜಾರು ಕೊಟ್ಟಿರುತ್ತಾರೆ. ರಸ್ತೆಯ ಅಂಚೂ ಇಳಿಜಾರು, ಅಲ್ಲಿ ಎಡಗಡೆ ಯಾವಾಗಲೂ ಕೂತ ಹಾಗೇ ಕಾಣುತ್ತದೆ. ಒಳ್ಳೆಯ ಜಾಗ ಅಂದರೆ ವೇ ಬ್ರಿಡ್ಜ್, ಅಂದರೆ ಲಾರಿಗಳನ್ನು ತೂಗುವ ಜಾಗ. ಮಂಡ್ಯದಲ್ಲಿ ಎಪಿಎಂಸಿ, ಸಕ್ಕರೆ ಕಾರ್ಖಾನೆ ಅಕ್ಕಪಕ್ಕ ಹುಡುಕಿದರೆ ಸಿಗುತ್ತದೆ. ಕಬ್ಬಿನ ಲೋಡು ಬರದ ಹೊತ್ತು ನೋಡಿ ಹೋಗಿ. ಅಲ್ಲಿಗೆ ಹೋಗಲು ಇನ್ನೊಂದು ಕಾರಣವೂ ಇದೆ, ಹಂತ 2ರಲ್ಲಿ ಹೇಳುತ್ತೇನೆ.

ನಿಲ್ಲಿಸಿದ ಮೇಲೆ ಹಿಂದಿನ ಬಂಪರ್ ಮೇಲೆ ಭಾರ ಹಾಕಿ ಎರಡು ಮೂರು ಸಲ ಕುಣಿಸಿ ಬಿಡಿ. ಸ್ಪ್ರಿಂಗ್ ತನ್ನ ಜಾಗಕ್ಕೆ ಬಂದು ನಿಲ್ಲಲಿ. ಈಗ ಅಳೆಯಿರಿ.

ಮೊದಲ ಅಳತೆ: ಚಕ್ರದ ನಡುಮಧ್ಯದಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗೆ. ನಾಲ್ಕೂ ಚಕ್ರಕ್ಕೆ ಬರೆದುಕೊಳ್ಳಿ. ನೆಲದಿಂದ ಅಳೆಯಬೇಡಿ, ಟೈರು ಸವೆದಿದ್ದರೆ ಲೆಕ್ಕ ತಪ್ಪುತ್ತದೆ.

ಎರಡನೇ ಅಳತೆ: ಹಿಂದಿನ ಆಕ್ಸಲ್ (ಎರಡು ಚಕ್ರ ಸೇರಿಸುವ ದಿಂಡು) ಮೇಲಿಂದ ಚಾಸಿ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು) ಕೆಳಗಿನ ಅಂಚಿನವರೆಗೆ, ಎರಡೂ ಬದಿ. ಇದನ್ನು ಯಾರೂ ಮಾಡುವುದಿಲ್ಲ. ಆದರೆ ಬಹಳ ಮುಖ್ಯ. ಈ ಗಾಡಿಗಳಲ್ಲಿ ಬಾಡಿ ಬೇರೆ, ಚಾಸಿ ಬೇರೆ. ನಡುವೆ ರಬ್ಬರ್ ಕೊಟ್ಟಿರುತ್ತಾರೆ. ಮಡ್‌ಗಾರ್ಡ್ ಅಳತೆಯಲ್ಲಿ ಎಡ ಬಲ ವ್ಯತ್ಯಾಸ ಇದ್ದು, ಚಾಸಿ ಅಳತೆ ಎರಡೂ ಕಡೆ ಒಂದೇ ಬಂದರೆ ಸ್ಪ್ರಿಂಗ್ ಚೆನ್ನಾಗಿದೆ, ರಬ್ಬರ್ ಹೋಗಿದೆ ಅಥವಾ ಬಾಡಿ ಯಾವಾಗಲೋ ಪೆಟ್ಟು ತಿಂದಿದೆ ಅಂತ ಅರ್ಥ. ಅಂಥ ಗಾಡಿಗೆ ಪ್ಲೇಟು ಸೇರಿಸಿ ಪ್ರಯೋಜನ ಇಲ್ಲ.

ಮೂರನೇ ಅಳತೆ: ಆಕ್ಸಲ್‌ಗೂ ಬಂಪ್ ಸ್ಟಾಪ್‌ಗೂ ನಡುವಿನ ಸಂದು. ಬಂಪ್ ಸ್ಟಾಪ್ ಅಂದರೆ ಆಕ್ಸಲ್ ತೀರಾ ಮೇಲೆ ಬಂದಾಗ ಚಾಸಿಗೆ ಬಡಿಯದಂತೆ ಕೊಟ್ಟಿರುವ ರಬ್ಬರ್ ಉಂಡೆ. ಖಾಲಿ ಗಾಡಿಯಲ್ಲೇ ಇಲ್ಲಿ ಎರಡು ಬೆರಳು ಸೇರಿಸುವಷ್ಟು ಜಾಗ ಮಾತ್ರ ಇದ್ದರೆ, ಹಂಪ್‌ನಲ್ಲಿ ದಡ್ ಅನ್ನುವ ಸದ್ದು ಎಲ್ಲಿಂದ ಅಂತ ಗೊತ್ತಾಯಿತಲ್ಲ.

ಎಡ ಬಲಕ್ಕೆ 10 ಮಿ.ಮೀ. ವ್ಯತ್ಯಾಸ ಹಳೇ ಗಾಡಿಯಲ್ಲಿ ದೊಡ್ಡದಲ್ಲ. ಟ್ಯಾಂಕ್ ಒಂದು ಪಕ್ಕ ಇದ್ದು ಡೀಸೆಲ್ ತುಂಬಿಸಿದ್ದರೂ ಅಷ್ಟು ಬರುತ್ತದೆ. 15 ಮಿ.ಮೀ. ದಾಟಿದರೆ ಕೆಳಗೆ ಮಲಗಿ ನೋಡಬೇಕು. ಒಂದೇ ಬದಿ ಥಟ್ಟನೆ ಕೂತಿದ್ದರೆ ಮುರಿತದ ಅನುಮಾನ. ಎರಡೂ ಬದಿ ನಿಧಾನವಾಗಿ ಕೂತಿದ್ದರೆ ಸ್ಪ್ರಿಂಗ್ ಸೋತಿದೆ.

ಹಂತ 2: ಹಿಂದಿನ ತೂಕ

ವೇ ಬ್ರಿಡ್ಜ್ ಮೇಲೆ ಇಡೀ ಗಾಡಿಯ ತೂಕ ಒಂದು ಸಲ ಹಿಡಿಸಿ. ಆಮೇಲೆ ಹಿಂದಿನ ಚಕ್ರ ಮಾತ್ರ ಹಲಗೆ ಮೇಲೆ ಇರುವ ಹಾಗೆ ನಿಲ್ಲಿಸಿ ಇನ್ನೊಂದು ಸಲ. ಒಟ್ಟು ತೂಕವನ್ನು ಆರ್‌ಸಿಯಲ್ಲಿರುವ ಖಾಲಿ ತೂಕದ ಜೊತೆ ಹೋಲಿಸಿ. ದಪ್ಪ ಕಬ್ಬಿಣದ ಬಂಪರ್, ಕ್ಯಾರಿಯರ್, ಟ್ರೇಲರ್ ಎಳೆಯುವ ಕೊಕ್ಕೆ, ಕೂರಿಸಿಕೊಂಡ ಹೆಚ್ಚುವರಿ ಸೀಟು ಸೇರಿ ಖಾಲಿ ಗಾಡಿಯೇ ಎಷ್ಟು ದಪ್ಪ ಆಗಿದೆ ಅಂತ ಕಾಣುತ್ತದೆ.

ಇನ್ನೊಂದು ಸಲ ನಿಮ್ಮ ಮಾಮೂಲಿ ಲೋಡಿನಲ್ಲಿ ತೂಗಿಸಿ. ಸಿಮೆಂಟ್ ಮೂಟೆ ಒಂದಕ್ಕೆ 50 ಕೆ.ಜಿ., 10 ಮೂಟೆ ಹಾಕಿದರೆ ಅರ್ಧ ಟನ್. ಅದೂ ಪೂರ್ತಿ ಹಿಂದಿನ ಆಕ್ಸಲ್ ಮೇಲೆ. ಆಲೆಮನೆಗೆ, ಗದ್ದೆಗೆ ಗಾಡಿ ಬಳಸುವವರು ಈ ಚೀಟಿ ನೋಡಿಕೊಂಡೇ ಮುಂದಿನ ಹಂತಕ್ಕೆ ಹೋಗಬೇಕು. ದಿನಾ ಕಂಪನಿ ಮಿತಿ ಮೀರಿ ಹೇರುವ ಗಾಡಿಗೆ ಹೊಸ ಸ್ಪ್ರಿಂಗ್ ಹಾಕಿದರೂ ಅದು ಕೂರುತ್ತದೆ. ಅಂಥವರಿಗೆ ಬೇಕಿರುವುದು ಪಿಕಪ್ ಗಾಡಿ, ಸಸ್ಪೆನ್ಷನ್ ಕೆಲಸ ಅಲ್ಲ.

ಹಂತ 3: ಕೆಳಗೆ ನೋಡುವುದು

ಕೆಳಗೆ ಹೋಗುವ ಮೊದಲು ಒಂದು ಎಚ್ಚರಿಕೆ. ಈ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು. ಹಿಂದುಗಡೆ ಎತ್ತಿದ ಕ್ಷಣ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದ ಹಾಗೆ. ಗೇರಿನಲ್ಲಿ ಬಿಟ್ಟಿದ್ದೀನಿ ಅಂದರೂ ಅದು ಹಿಂದಿನ ಚಕ್ರಕ್ಕೇ ತಾನೆ. ಆದ್ದರಿಂದ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಬೆಣೆ ಕೊಡಿ. ಚಾಸಿ ಕೆಳಗೆ ಉಕ್ಕಿನ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಪೇರಿಸುವುದಂತೂ ಬೇಡವೇ ಬೇಡ. ಅವು ಬಿರುಕು ಬಿಡುವ ಮೊದಲು ಸೂಚನೆ ಕೊಡುವುದಿಲ್ಲ.

*ಲೀಫ್ ಸ್ಪ್ರಿಂಗ್ ಇದ್ದರೆ:*

ವೈರ್ ಬ್ರಷ್‌ನಿಂದ ಕೆಸರು ಉಜ್ಜಿ. ನಾಲೆ ಏರಿ ಮೇಲೆ, ಗದ್ದೆ ಬದಿಯಲ್ಲಿ ಓಡುವ ಗಾಡಿಗಳಲ್ಲಿ ಪ್ಲೇಟುಗಳ ನಡುವೆ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಅದು ನೀರು ಹಿಡಿದಿಟ್ಟುಕೊಂಡು ತುಕ್ಕು ಹಿಡಿಸುತ್ತದೆ. ತುಕ್ಕು ಅಂದರೆ ಬರೀ ಅಂದದ ವಿಷಯ ಅಂತ ತಿಳಿಯಬೇಡಿ. ಪ್ಲೇಟಿನ ಗಟ್ಟಿತನ ಅದರ ದಪ್ಪದ ಮೂರನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. 7 ಮಿ.ಮೀ. ಪ್ಲೇಟು ಸವೆದು 6.5 ಆದರೆ ಗಟ್ಟಿತನದಲ್ಲಿ ಐದನೇ ಒಂದು ಭಾಗ ಹೋಯಿತು. ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ.

ಮುರಿದ ಪ್ಲೇಟು ಹುಡುಕಿ. ಹೆಚ್ಚಾಗಿ ಬಿರುಕು ಬಿಡುವುದು ನಡುವೆ, ಯು ಬೋಲ್ಟ್ ಹಿಡಿದಿರುವ ಜಾಗದ ಹತ್ತಿರ. ಯು ಬೋಲ್ಟ್ ಅಂದರೆ ಸ್ಪ್ರಿಂಗನ್ನು ಆಕ್ಸಲ್‌ಗೆ ಅಪ್ಪಿ ಹಿಡಿಯುವ ಯು ಆಕಾರದ ಬೋಲ್ಟು. ಬಿರುಕಿನ ಜಾಗದಲ್ಲಿ ಕೆಂಪು ತುಕ್ಕಿನ ಗೆರೆ ಇರುತ್ತದೆ. ಆಮೇಲೆ ಎರಡೂ ಬದಿಯ ಹಿಂದಿನ ಚಕ್ರ ಮುಂದಿನ ಚಕ್ರದಿಂದ ಎಷ್ಟು ದೂರ ಇದೆ ಅಂತ ಅಳೆಯಿರಿ. ಒಂದು ಬದಿ ಜಾಸ್ತಿ ಇದ್ದರೆ ಸೆಂಟರ್ ಬೋಲ್ಟ್, ಅಂದರೆ ಪ್ಲೇಟುಗಳನ್ನು ನಡುವೆ ಪೋಣಿಸುವ ಬೋಲ್ಟು, ತುಂಡಾಗಿ ಆಕ್ಸಲ್ ಸರಿದಿರಬಹುದು. ನೇರ ರಸ್ತೆಯಲ್ಲೂ ಗಾಡಿ ಅಡ್ಡಡ್ಡ ಹೋದ ಹಾಗೆ ಕಾಣುವುದು ಇದರಿಂದಲೇ. ಅದನ್ನು ಸರಿ ಮಾಡಿಸುವವರೆಗೆ ಗಾಡಿ ಹೈವೇಗೆ ಇಳಿಸಬೇಡಿ.

ಕೊನೆಗೆ ಶ್ಯಾಕಲ್. ಸ್ಪ್ರಿಂಗಿನ ಒಂದು ತುದಿಯಲ್ಲಿ ತೂಗಾಡುವ ಜೋಡಿ ಪಟ್ಟಿ ಇದು. ಸ್ಪ್ರಿಂಗ್ ಚಪ್ಪಟೆ ಆದಾಗ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಕೊಡುವುದೇ ಶ್ಯಾಕಲ್. ಇದರ ಬುಷ್ ಸವೆದು ಪಿನ್ ಅಂಡಾಕಾರ ಆಗಿದ್ದರೆ ಎತ್ತರವೂ ಇಳಿಯುತ್ತದೆ, ಕಟ ಕಟ ಸದ್ದೂ ಬರುತ್ತದೆ. ಶ್ಯಾಕಲ್ ಪೂರ್ತಿ ಮಲಗಿ ಚಾಸಿಗೆ ತಾಗುತ್ತಿದ್ದರೆ ಸ್ಪ್ರಿಂಗ್ ಕೆಲಸ ಮಾಡಲು ಜಾಗವೇ ಇಲ್ಲ. ಸ್ಪ್ರಿಂಗ್ ಸಿಕ್ಕಿಸಿರುವ ಚಾಸಿಯ ಬ್ರಾಕೆಟ್ ಸುತ್ತ ವೆಲ್ಡಿಂಗ್ ಬಿಟ್ಟಿದೆಯಾ ಅಂತಲೂ ನೋಡಿ.

*ಕಾಯಿಲ್ ಸ್ಪ್ರಿಂಗ್ ಇದ್ದರೆ:*

ಕೆಳಗಿನ ಕೊನೇ ಸುತ್ತನ್ನು ಟಾರ್ಚ್ ಹಾಕಿ ನೋಡಿ. ಕೆಸರು ಕೂತು, ಬಣ್ಣ ಎದ್ದು, ಅಲ್ಲೇ ಮುರಿಯುವುದು. ಮುರಿದ ತುಂಡು ಸೀಟಿನಲ್ಲೇ, ಅಂದರೆ ಸ್ಪ್ರಿಂಗ್ ಕೂರುವ ತಟ್ಟೆಯಲ್ಲೇ, ಕೂತಿದ್ದರೆ ಗೊತ್ತೇ ಆಗುವುದಿಲ್ಲ, ಬೆರಳು ಆಡಿಸಿ ನೋಡಬೇಕು. ಸ್ಪ್ರಿಂಗ್ ಮೇಲೆ ಕೆಳಗಿನ ರಬ್ಬರ್ ಸೀಟು ಹರಿದಿದೆಯಾ, ಆಕ್ಸಲ್ ಹಿಡಿದಿರುವ ಕಡ್ಡಿಗಳ ಬುಷ್ ಹೋಗಿದೆಯಾ ಅದೂ ನೋಡಿ. ಸುತ್ತುಗಳು ಒಂದಕ್ಕೊಂದು ತಾಗಿ ಹೊಳೆಯುವ ಗುರುತು ಬಿದ್ದಿದ್ದರೆ ಸ್ಪ್ರಿಂಗ್ ಸೋತಿದೆ.

ಹಂತ 4: ಏನು ಮಾಡಿಸುವುದು?

ಬುಷ್, ಶ್ಯಾಕಲ್ ಹೋಗಿದ್ದರೆ ಮೊದಲು ಅದನ್ನೇ ಹಾಕಿಸಿ ಮತ್ತೆ ಅಳೆಯಿರಿ. ಎಷ್ಟೋ ಗಾಡಿಗಳ ಕತೆ ಅಲ್ಲಿಗೇ ಮುಗಿಯುತ್ತದೆ.

ಸ್ಪ್ರಿಂಗೇ ಸೋತಿದ್ದರೆ ನನ್ನ ಮೊದಲ ಆಯ್ಕೆ ಹೊಸ ಸೆಟ್. ಎರಡೂ ಬದಿ ಒಟ್ಟಿಗೆ. ಒಂದು ಬದಿ ಮಾತ್ರ ಹಾಕಿದರೆ ಗಾಡಿ ಸೊಟ್ಟ ನಿಲ್ಲುತ್ತದೆ, ತಿರುವಿನಲ್ಲಿ ಒಂದೊಂದು ಕಡೆ ಒಂದೊಂದು ಥರ ವಾಲುತ್ತದೆ.

ಖರ್ಚು ಜಾಸ್ತಿ ಅನಿಸಿದರೆ ಹಳೇ ಪ್ಲೇಟುಗಳಿಗೇ ಮತ್ತೆ ಬಾಗು ಕೊಡಿಸಬಹುದು. ಲಾರಿ ಕೆಲಸ ಮಾಡುವ ಸ್ಪ್ರಿಂಗ್ ಅಂಗಡಿಗಳಲ್ಲಿ ಮಾಡಿಕೊಡುತ್ತಾರೆ. ಆದರೆ ಹೇಗೆ ಮಾಡುತ್ತಾರೆ ಅಂತ ಕೇಳಿ. ಪ್ಲೇಟನ್ನು ಸುಮಾರು 850 ಡಿಗ್ರಿಗೆ ಕಾಯಿಸಿ, ಬಗ್ಗಿಸಿ, ಎಣ್ಣೆಯಲ್ಲಿ ಅದ್ದಬೇಕು. ಆಮೇಲೆ 450ರಿಂದ 500 ಡಿಗ್ರಿಗೆ ಇನ್ನೊಮ್ಮೆ ಕಾಯಿಸಬೇಕು. ಇದಕ್ಕೇ ಟೆಂಪರ್ ಮಾಡುವುದು ಅನ್ನುತ್ತಾರೆ. ಕುಲುಮೆಯಲ್ಲಿ ಕೆಂಪಗೆ ಮಾಡಿ, ಬಡಿದು, ನೆಲದ ಮೇಲೆ ಆರಲು ಬಿಟ್ಟರೆ ಪ್ಲೇಟು ಮೆತ್ತಗಾಗಿ ಬೇಗನೆ ಮತ್ತೆ ಕೂರುತ್ತದೆ. ನೀರಿಗೆ ಹಾಕಿದರೆ ಪೆಡಸಾಗಿ ಒಂದು ದಿನ ಟಣ್ಣನೆ ಮುರಿಯುತ್ತದೆ. ಕಾಯಿಸದೆ ತಣ್ಣಗೇ ಬಡಿದು ಬಗ್ಗಿಸುವುದೂ ಉಂಟು. ಅದು ಗಾಡಿ ಮಾರುವವರೆಗೆ ಸಾಕು ಅನ್ನುವವರಿಗೆ. ತೀರಾ ತೆಳ್ಳಗಾದ ಪ್ಲೇಟಿಗೆ ಇದು ಯಾವುದೂ ಬೇಡ. ಅದನ್ನು ಊರಿನ ಕುಲುಮೆಗೆ ಕೊಟ್ಟರೆ ಒಳ್ಳೇ ಮಚ್ಚು ಆಗುತ್ತದೆ.

ಮುರಿದ ಪ್ಲೇಟಿಗೆ ವೆಲ್ಡಿಂಗ್ ಮಾಡಿಸಲೇಬೇಡಿ. ವೆಲ್ಡಿಂಗ್ ಶಾಖಕ್ಕೆ ಪಕ್ಕದ ಉಕ್ಕು ಪೆಡಸಾಗಿ ಅಲ್ಲೇ ಮತ್ತೆ ಮುರಿಯುತ್ತದೆ, ಅದೂ ಲೋಡಿನಲ್ಲಿ.

"ಒಂದು ಪ್ಲೇಟ್ ಎಕ್ಸ್‌ಟ್ರಾ ಹಾಕೋಣ ಬಿಡಿ ಸಾರ್" ಅನ್ನುವುದು ನಮ್ಮ ಕಡೆ ಬಲು ಜನಪ್ರಿಯ. ಐದು ಒಂದೇ ದಪ್ಪದ ಪ್ಲೇಟಿಗೆ ಅದೇ ದಪ್ಪದ ಆರನೆಯದು ಸೇರಿದರೆ ಸ್ಪ್ರಿಂಗ್ ಸುಮಾರು ಶೇಕಡಾ 20ರಷ್ಟು ಗಟ್ಟಿ ಆಗುತ್ತದೆ. ಯಾವಾಗಲೂ ಲೋಡು ಹೊರುವ ಗಾಡಿಗೆ ಸರಿ. ಮನೆ ಮಂದಿ ಓಡಾಡುವ ಗಾಡಿಗೆ ಹಾಕಿದರೆ ಖಾಲಿ ಇದ್ದಾಗ ಹಿಂದಿನ ಸೀಟಿನವರ ಸೊಂಟ ಹೋಗುತ್ತದೆ. ಬೇರೆ ಗಾಡಿಯ ದಪ್ಪ ಪ್ಲೇಟು ತುರುಕುವುದು ಇನ್ನೂ ಕೆಟ್ಟದ್ದು. 7ರ ಜಾಗಕ್ಕೆ 8 ಮಿ.ಮೀ. ಬಂದರೆ ಆ ಪ್ಲೇಟಿನ ಗಟ್ಟಿತನ ಒಂದೂವರೆ ಪಟ್ಟು ಆಗುತ್ತದೆ. ಪಕ್ಕದ ತೆಳು ಪ್ಲೇಟುಗಳ ಮೇಲೆ ಅದರ ತುದಿ ಒತ್ತಿ ಒತ್ತಿ ಅವು ಸೀಳುತ್ತವೆ.

ಕಾಯಿಲ್ ಗಾಡಿಯವರಿಗೆ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಮಾರುತ್ತಾರೆ. ನನಗೆ ಇಷ್ಟ ಇಲ್ಲ. ಆ ಒಂದು ಸುತ್ತು ಕೆಲಸ ನಿಲ್ಲಿಸಿ, ಅದು ಕುಗ್ಗಬೇಕಿದ್ದಷ್ಟನ್ನೂ ಉಳಿದ ಸುತ್ತುಗಳೇ ಕುಗ್ಗಬೇಕಾಗುತ್ತದೆ. ಮೊದಲೇ ಸೋತ ಸ್ಪ್ರಿಂಗ್ ಅದು. ಅಪರೂಪಕ್ಕೆ ಫುಲ್ ಲೋಡು ಹಾಕುವವರಿಗೆ ಸುರುಳಿಯ ಒಳಗೆ ಕೂರುವ ಗಾಳಿ ಚೀಲ ವಾಸಿ. ಬೇಕಾದಾಗ ಗಾಳಿ ತುಂಬಿಸಿ, ಆಮೇಲೆ ಇಳಿಸಬಹುದು. ಎರಡೂ ಬದಿ ಒತ್ತಡ ಒಂದೇ ಇರಬೇಕು. ಇದೂ ಚೆನ್ನಾಗಿರುವ ಸ್ಪ್ರಿಂಗಿಗೆ ನೆರವು ಮಾತ್ರ.

ಸ್ಪೇಸರ್, ಅಂದರೆ ಸ್ಪ್ರಿಂಗ್ ಕೆಳಗೆ ಇಡುವ ದಪ್ಪ ಬಿಲ್ಲೆ, ಎತ್ತರ ಕೊಡುತ್ತದೆ, ಶಕ್ತಿ ಕೊಡುವುದಿಲ್ಲ. ಜಾಸ್ತಿ ಎತ್ತಿದರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ತಿರುಗುವ ದಂಡ) ಕೋನ ಕೆಟ್ಟು ವೇಗದಲ್ಲಿ ನಡುಕ ಬರುತ್ತದೆ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. 15 ವರ್ಷ ದಾಟಿದ ಖಾಸಗಿ ಗಾಡಿಯನ್ನು ಆರ್‌ಸಿ ನವೀಕರಣಕ್ಕೆ ತಪಾಸಣೆಗೆ ಒಯ್ಯಲೇಬೇಕು, ಸುಮ್ನೆ ಅಲ್ಲಿ ತಗಾದೆ ಯಾಕೆ?

ಇನ್ನು ಹಳೇ ಸಫಾರಿಯಂಥ ಗಾಡಿಗಳಲ್ಲಿ ಮುಂದೆ ಟಾರ್ಶನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು ಇದೆ, ಬೋಲ್ಟ್ ತಿರುಗಿಸಿ ಎತ್ತರ ಬದಲಿಸಬಹುದು. ಹಿಂದೆ ಎತ್ತುವ ಬದಲು ಮುಂದೆ ಇಳಿಸಿ "ನೋಡಿ, ಲೆವೆಲ್ ಆಯ್ತು" ಅನ್ನುವವರಿದ್ದಾರೆ. ಒಪ್ಪಬೇಡಿ.

ಹಂತ 5: ಲೀಫ್ ಸೆಟ್ ಬದಲಿಸುವುದು

1. ಹಿಂದಿನ ದಿನವೇ ಯು ಬೋಲ್ಟ್, ಶ್ಯಾಕಲ್ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ.

2. ಅಂಗಡಿಯಲ್ಲೇ ಹೊಸ ಸೆಟ್ ಪರೀಕ್ಷಿಸಿ. ಸ್ಪ್ರಿಂಗಿನ ಎರಡು ಕಣ್ಣುಗಳ (ತುದಿಗಳಲ್ಲಿ ಪಿನ್ ಕೂರುವ ತೂತುಗಳ) ನಡುವೆ ದಾರ ಹಿಡಿದು, ನಡುಮಧ್ಯದಲ್ಲಿ ದಾರದಿಂದ ಪ್ಲೇಟಿಗೆ ಎಷ್ಟಿದೆ ಅಳೆಯಿರಿ. ಎಡದ್ದು ಬಲದ್ದು ಹೆಚ್ಚು ಕಡಿಮೆ ಒಂದೇ ಬರಬೇಕು.

3. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್ ಕೆಳಗೆ ಜಾಕ್ ಕೊಡಿ. ಶಾಕಬ್ಸರ್ ಕೆಳಗಿನ ಬೋಲ್ಟ್ ಬಿಚ್ಚಿ. ಆಕ್ಸಲ್ ಭಾರ ಬ್ರೇಕ್ ಹೋಸ್, ಅಂದರೆ ಬ್ರೇಕ್ ಎಣ್ಣೆಯ ರಬ್ಬರ್ ಪೈಪಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಹೋಸ್ ಹೊರಗೆ ಚೆನ್ನಾಗಿದ್ದು ಒಳಗೆ ಹರಿದರೆ ತಿಳಿಯುವುದು ಬ್ರೇಕ್ ಒತ್ತಿದಾಗಲೇ.

4. ಒಂದು ಸಲಕ್ಕೆ ಒಂದೇ ಬದಿ ಬಿಚ್ಚಿ. ಎರಡೂ ಬಿಚ್ಚಿದರೆ ಆಕ್ಸಲ್ ಉರುಳುತ್ತದೆ, ಮತ್ತೆ ಜಾಗಕ್ಕೆ ತರಲು ಅರ್ಧ ದಿನ ಹೋಗುತ್ತದೆ.

5. ಹಳೇ ಸ್ಪ್ರಿಂಗಿನ ಮುಂದಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ. ಹಲವು ಗಾಡಿಗಳಲ್ಲಿ ನಡುವಿನ ಬೋಲ್ಟಿನಿಂದ ಮುಂದಿನ ಉದ್ದ ಬೇರೆ, ಹಿಂದಿನ ಉದ್ದ ಬೇರೆ. ಹಿಂದುಮುಂದು ಹಾಕಿದರೆ ಆಕ್ಸಲ್ಲೇ ಸರಿಯುತ್ತದೆ.

6. ಹೊಸ ಸೆಟ್ ಕೂರಿಸುವಾಗ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ಗುಳಿಯಲ್ಲಿ ಸರಿಯಾಗಿ ಕೂತಿದೆಯಾ ನೋಡಿ. ಯು ಬೋಲ್ಟ್ ಹೊಸದೇ ಹಾಕಿ. ಹಳೆಯದು ಒಮ್ಮೆ ಹಿಗ್ಗಿರುತ್ತದೆ. ನಾಲ್ಕು ನಟ್ಟುಗಳನ್ನು ಅಡ್ಡಡ್ಡ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಕೊನೆಯ ಬಿಗಿ ಕಂಪನಿ ಪುಸ್ತಕದಲ್ಲಿರುವ ಟಾರ್ಕ್‌ಗೆ.

7. ಕಣ್ಣಿನ ಪಿನ್, ಶ್ಯಾಕಲ್ ನಟ್ಟುಗಳನ್ನು ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿ ಮಾಡಬೇಡಿ. ಚಕ್ರ ಹಾಕಿ, ಗಾಡಿ ನೆಲಕ್ಕೆ ಇಳಿಸಿ, ಭಾರ ಕೂತ ಮೇಲೆ ಬಿಗಿ ಮಾಡಿ. ಇಲ್ಲದಿದ್ದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗ್ಯಾರೇಜುಗಳಲ್ಲಿ ಅತಿ ಹೆಚ್ಚು ತಪ್ಪುವ ಜಾಗ ಇದು. ಪಕ್ಕದಲ್ಲಿ ನಿಂತು ನೆನಪಿಸಿ.

ಕಾಯಿಲ್ ಕೆಲಸ ಇದಕ್ಕಿಂತ ಸುಲಭ. ಹಿಂದಿನ ಆಕ್ಸಲ್ ಒಂದೇ ದಿಂಡು ಆಗಿರುವ ಗಾಡಿಗಳಲ್ಲಿ ಶಾಕಬ್ಸರ್ ಕೆಳಗಿನ ಬೋಲ್ಟ್ ಬಿಚ್ಚಿ ಆಕ್ಸಲ್ಲನ್ನು ಜಾಕ್ ಮೇಲೆ ನಿಧಾನ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗಿ ಹೊರಗೆ ಬರುತ್ತದೆ. ಸಡಿಲ ಆಗದಿದ್ದರೆ ಕೀಳಲು ಹೋಗಬೇಡಿ, ಒತ್ತಡದಲ್ಲಿರುವ ಸುರುಳಿ ಹಾರಿದರೆ ಮೂಳೆ ಮುರಿಯುತ್ತದೆ. ಹೊಸದನ್ನು ಕೂರಿಸುವಾಗ ತುದಿ ಸೀಟಿನ ಮೆಟ್ಟಿಲಿಗೆ ತಾಗಿ ನಿಲ್ಲಬೇಕು. ಹಾಗೇ ರಬ್ಬರ್ ಸೀಟೂ ಹೊಸದು ಹಾಕಿ.

ಹಂತ 6: ಎತ್ತರ ಬಂದ ಮೇಲೆ ಬ್ರೇಕು, ಲೈಟು

ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ. ಹಿಂದಿನ ಆಕ್ಸಲ್ ಹತ್ತಿರ ಒಂದು ಕಡ್ಡಿಗೆ ಸೇರಿದ ವಾಲ್ವ್ ಇದೆಯಾ ನೋಡಿ. ಲೋಡ್ ಸೆನ್ಸಿಂಗ್ ವಾಲ್ವ್ ಅನ್ನುತ್ತಾರೆ. ಹಿಂದುಗಡೆ ಎಷ್ಟು ಕೂತಿದೆ ಅನ್ನುವುದನ್ನೇ ಭಾರ ಅಂತ ತಿಳಿದು, ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅಂತ ಅದು ನಿರ್ಧರಿಸುತ್ತದೆ. ಸ್ಪ್ರಿಂಗ್ ಸೋತ ಗಾಡಿ ಖಾಲಿ ಇದ್ದರೂ ಲೋಡು ಇದೆ ಅಂದುಕೊಂಡು ಜಾಸ್ತಿ ಒತ್ತಡ ಬಿಡುತ್ತದೆ. ಮಳೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಜಾರುವುದು ಹೀಗೆ. ಕೂತಿದ್ದಾಗಿನ ಎತ್ತರಕ್ಕೆ ಯಾರೋ ಆ ಕಡ್ಡಿ ಹೊಂದಿಸಿಟ್ಟಿದ್ದರೆ, ಈಗ ಎತ್ತರ ಬಂದ ಮೇಲೆ ಉಲ್ಟಾ ಆಗಿ ಹಿಂದಿನ ಬ್ರೇಕ್ ಹಿಡಿಯುವುದೇ ಕಡಿಮೆ ಆಗುತ್ತದೆ. ಕಂಪನಿ ಅಳತೆಗೆ ಕಡ್ಡಿ ಹೊಂದಿಸಿ. ಖಾಲಿ ಮೈದಾನದಲ್ಲಿ ಮೆಲ್ಲಗೆ ಓಡಿಸಿ ಬ್ರೇಕ್ ಒತ್ತಿ ನೋಡಿ.

ಹೆಡ್‌ಲೈಟ್ ಕೂಡ ಹೊಂದಿಸಿ. ಹಿಂದೆ ಕೂತಾಗ ಬೆಳಕು ಮರದ ತುದಿಗೆ ಹೋಗುತ್ತಿದ್ದದ್ದನ್ನು ಸರಿ ಮಾಡಲು ಯಾರಾದರೂ ಕೆಳಗೆ ಇಳಿಸಿಟ್ಟಿದ್ದರೆ, ಈಗ ಅದು ಬಾನೆಟ್ ಮುಂದೆಯೇ ಬೀಳುತ್ತದೆ.

ಹೊಸ ಸ್ಪ್ರಿಂಗ್ ಮೊದಲ ಕೆಲವು ವಾರ ಚೂರು ಇಳಿದು ಕೂರುತ್ತದೆ, ಗಾಬರಿ ಬೇಡ. ಸುಮಾರು 500 ಕಿ.ಮೀ. ಓಡಿದ ಮೇಲೆ ಯು ಬೋಲ್ಟ್ ನಟ್ಟುಗಳನ್ನು ಅದೇ ಟಾರ್ಕ್‌ಗೆ ಮತ್ತೆ ಬಿಗಿ ಮಾಡಿ. ಪ್ಲೇಟುಗಳ ನಡುವಿನ ಬಣ್ಣ ಸವೆದು ನಟ್ಟುಗಳು ಸಡಿಲ ಆಗಿಯೇ ಇರುತ್ತವೆ. ಮಹದೇಶ್ವರ ಬೆಟ್ಟಕ್ಕೆ ಮನೆ ಮಂದಿಯನ್ನೆಲ್ಲ ತುಂಬಿಕೊಂಡು ಹೋಗುವುದಿದ್ದರೆ ಅದನ್ನು ಮುಗಿಸಿಕೊಂಡೇ ಹೊರಡಿ. ತಾಳಬೆಟ್ಟದ ತಿರುವುಗಳಲ್ಲಿ ಯು ಬೋಲ್ಟ್ ಸಡಿಲಾದರೆ ಹತ್ತಿರದಲ್ಲಿ ಗ್ಯಾರೇಜ್ ಇರುವುದಿಲ್ಲ.